ಹಳೇ ಲ್ಯಾಪ್‌ಟಾಪು, ಕೊಕ್ಕರೆಯ ಗುಲಾಬಿ

2025ರ ಆಯುಧಪೂಜೆಯ ದಿನ ನಮ್ಮ ನಡುಮನೆಯಲ್ಲಿ ಸ್ಕೂಟರಿನ ಕೀ, ಈಳಿಗೆಮಣೆ, ಕ್ಯಾಮೆರಾ, ಎರಡು ಲೆನ್ಸುಗಳ ಸಾಲಿನಲ್ಲಿ ನನ್ನ ಹಳೇ ಲ್ಯಾಪ್‌ಟಾಪೂ ಕೂತಿತ್ತು. ಮುಚ್ಚಳದ ಮೇಲೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಎರಡು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 14ಕ್ಕೆ, ಅದರೊಳಗಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು. ‘ನಿಮ್ಮ ಪೂಜೆ ಸಾಲ್ಲಿಲ್ಲ ಕಣ್ರೀ’ ಎಂದಳು ಹೆಂಡತಿ.

ಯಂತ್ರಕ್ಕೆ ಏನೂ ಆಗಿರಲಿಲ್ಲ. 2013ರಲ್ಲಿ ಕೊಂಡದ್ದು. ಇಂಟೆಲ್‌ನ ಮೂರನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕು. ಅದರ ಕೀಲಿಮಣೆಯಲ್ಲಿ ಅಕ್ಷರ ಅಳಿಸಿಹೋದ ಕೀಗಳು ಮೂರೇ. ಭಾನುವಾರ ಬೆಳಿಗ್ಗೆ ರಂಗನತಿಟ್ಟಿಗೆ ಹೋಗಿ, ದೋಣಿಯಲ್ಲಿ ಕೂತು, ಬಣ್ಣದ ಕೊಕ್ಕರೆಗಳ ಗೂಡಿನ ಮುಂದೆ ಐದಾರು ನೂರು ಸಲ ಕ್ಲಿಕ್ಕಿಸಿ, ಮಧ್ಯಾಹ್ನ ಮೈಸೂರಿಗೆ ಬಂದು ಉಂಡು, ಕಾರ್ಡು ಸಿಕ್ಕಿಸುತ್ತಿದ್ದದ್ದು ಇದಕ್ಕೇ. ಆದರೆ ವಿಂಡೋಸ್ 11 ಇದನ್ನು ಬಾಗಿಲಲ್ಲೇ ನಿಲ್ಲಿಸಿತು. 2021ರಲ್ಲಿ ಬಂದ ಆ ವ್ಯವಸ್ಥೆಗೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರಾಚೆಯ ಪ್ರೊಸೆಸರ್ ಬೇಕು (ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ), ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕು. 2017ಕ್ಕಿಂತ ಹಿಂದೆ ಲ್ಯಾಪ್‌ಟಾಪ್ ಕೊಂಡವರೆಲ್ಲ ಹೆಚ್ಚುಕಡಿಮೆ ಹೊರಗೆ.

ಆಮೇಲೆ ನಾನು ಮಾಡಿದ್ದು ಶುದ್ಧ ದಡ್ಡತನ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಈ ಲೇಖನದಲ್ಲಿ ಉಪಯೋಗಕ್ಕೆ ಬರುವ ಮಾತು ಹುಟ್ಟಿದ್ದು ಅದರಿಂದಲೇ.

ವಿಂಡೋಸಿನ ಜಾಗಕ್ಕೆಂದು ಪೆನ್ ಡ್ರೈವಿಗೆ ಲಿನಕ್ಸ್ ಹಾಕಿಕೊಂಡು ಒಂದು ಭಾನುವಾರ ಕೂತೆ. ಫೋಟೊಗಳೆಲ್ಲ ಹೊರಗಿನ ಹಾರ್ಡ್ ಡಿಸ್ಕಿನಲ್ಲಿವೆ, ಅದನ್ನು ಕಿತ್ತು ಬೀರುವಿನಲ್ಲಿಟ್ಟಿದ್ದೇನೆ, ಇನ್ನೇನು ಭಯ ಎಂಬ ಧೈರ್ಯ. ‘ಇಡೀ ಡಿಸ್ಕ್ ಅಳಿಸಿ ಸ್ಥಾಪಿಸು’ ಎಂಬ ಆಯ್ಕೆ ಕಂಡಿತು. ಒತ್ತಿದೆ. ಇಪ್ಪತ್ತು ನಿಮಿಷದಲ್ಲಿ ಹೊಸ ಪರದೆ ಬಂತು, ಸೊಗಸಾಗಿತ್ತು. ಕಾಫಿ ಕುಡಿದು ಬಂದು ಕೂತಾಗ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಫೋಟೊಗಳು ಬೀರುವಿನಲ್ಲಿದ್ದವು, ನಿಜ. ಆದರೆ ಅವುಗಳ ಮೇಲೆ ಆರು ವರ್ಷ ಕೂತು ಮಾಡಿದ ಕೆಲಸ ಸಿ ಡ್ರೈವಿನ ‘ಪಿಕ್ಚರ್ಸ್’ ಫೋಲ್ಡರಿನಲ್ಲಿತ್ತು.

ಇದು ಅರ್ಥವಾಗಬೇಕಾದರೆ ರಾ ಫೈಲಿನ ಸಂಗತಿ ತುಸು ಗೊತ್ತಿರಬೇಕು. ಕ್ಯಾಮೆರಾದ ಸಂವೇದಕ ಕಂಡ ಬೆಳಕನ್ನು ಹಾಗೇ ಬರೆದಿಟ್ಟದ್ದು ರಾ. ಅದು ಬೇಯಿಸದ ಅಕ್ಕಿ. ಸಂಸ್ಕರಿಸುವ ತಂತ್ರಾಂಶ ಆ ಅಕ್ಕಿಯನ್ನು ಮುಟ್ಟುವುದೇ ಇಲ್ಲ. ಬೆಳಕು ಇಷ್ಟು ಏರಿಸು, ನೆರಳು ಇಷ್ಟು ಎತ್ತು, ಎಡಗಡೆಯ ಕೊಂಬೆ ಕತ್ತರಿಸು ಎಂದು ನಾವು ಹೇಳಿದ್ದನ್ನೆಲ್ಲ ಬೇರೆ ಕಡೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಕೇಳಿದಾಗಲೆಲ್ಲ ಹೊಸದಾಗಿ ಬೇಯಿಸಿ ತೋರಿಸುತ್ತದೆ. 2007ರಲ್ಲಿ ಮಾರುಕಟ್ಟೆಗೆ ಬಂದ ಅಡೋಬಿಯ ಲೈಟ್‌ರೂಮ್ ಈ ಚೀಟಿಗಳನ್ನೆಲ್ಲ ‘ಕ್ಯಾಟಲಾಗ್’ ಎಂಬ ಒಂದೇ ಕಡತದಲ್ಲಿ ಕೂಡಿಸಿಡುತ್ತದೆ. ಪ್ರತಿ ಫೋಟೊದ ಪಕ್ಕದಲ್ಲೂ ಎಕ್ಸ್‌ಎಂಪಿ ಎಂಬ ಪುಟ್ಟ ಕಡತವಾಗಿ ಬರೆದಿಡು ಎಂದು ಹೇಳಲು ಅವಕಾಶವಿದೆ; ತಾನಾಗಿ ಬರೆಯುವುದಿಲ್ಲ, ನಾವು ಕೇಳಿಕೊಳ್ಳಬೇಕು. ನಾನು ಕೇಳಿಕೊಂಡಿರಲಿಲ್ಲ. ಅಕ್ಕಿ ಉಳಿಯಿತು, ಅಡುಗೆ ಮಾಡಿದ ಬಗೆ ಹೋಯಿತು.

ಮುಂದಿನ ವಾರ ಬೆಂಗಳೂರಿನಿಂದ ಅಕ್ಕನ ಮಗ ಬಂದ. ಇಂಜಿನಿಯರಿಂಗ್ ಓದುವ ಹುಡುಗ, ಬಾಯಿ ಜೋರು.

‘ಮಾವ, ಡಿಸ್ಕ್ ಮೇಲೇ ಫಾರ್ಮ್ಯಾಟ್ ಹೊಡೆದ್ರಾ?’

‘ಹೊಡೆದೆ.’

‘ಹಳೇದನ್ನ ಬಿಚ್ಚಿ ಡ್ರಾಯರಲ್ಲಿ ಇಟ್ಟು, ಹೊಸ ಎಸ್‌ಎಸ್‌ಡಿ ಹಾಕ್ಕೊಂಡು, ಅದರ ಮೇಲೆ ಏನ್ ಬೇಕಾದ್ರೂ ಮಾಡ್ಬೋದಿತ್ತಲ್ಲ. ಹ್ಯಾಗೂ ಎಸ್‌ಎಸ್‌ಡಿ ಬೇಕೇ ಬೇಕಿತ್ತು.’

ಮರುಪಡೆಯುವ ತಂತ್ರಾಂಶ ಓಡಿಸಿ ರಾತ್ರಿ ಎರಡರವರೆಗೆ ಹುಡುಕಿದ. ಸಿಕ್ಕಿದ್ದು ಹರಿದ ಚೂರುಗಳು. ಅವನ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಹಳೇ ಲ್ಯಾಪ್‌ಟಾಪಿಗೆ ಯಾವ ಓಎಸ್ ಎಂದು ಯಾರೇ ಕೇಳಿದರೂ ಈಗ ನನ್ನ ಮೊದಲ ಉತ್ತರ ಅದೇ: ಓಎಸ್ ಆಮೇಲೆ, ಮೊದಲು ಹಿಂಬದಿಯ ಸ್ಕ್ರೂ ಬಿಚ್ಚಿ. ಹಳೇ ಡಿಸ್ಕನ್ನು ಹಾಗೇ ತೆಗೆದು ಹಳೇ ಪಂಚೆಯಲ್ಲಿ ಸುತ್ತಿಡಿ. ಆರು ತಿಂಗಳು ಅದನ್ನು ಮುಟ್ಟಬೇಡಿ.

ಎಸ್‌ಎಸ್‌ಡಿಯನ್ನು ಎಸ್‌ಪಿ ರೋಡಿನಿಂದ ಅವನೇ ತಂದುಕೊಟ್ಟ. ಜೊತೆಗೆ ಡಿಡಿಆರ್3 ರ‍್ಯಾಮಿನ ಸೆಕೆಂಡ್ ಹ್ಯಾಂಡ್ ಜೋಡಿ. ಸದರ್ ಪತ್ರಪ್ಪ ರಸ್ತೆಯ ಆ ಇಕ್ಕಟ್ಟಿನಲ್ಲಿ ಹೊಸದಾಗಿ ಎಲ್ಲೂ ಸುಲಭಕ್ಕೆ ಸಿಗದ ಹಳೇ ರ‍್ಯಾಮು ಕಡಲೆಕಾಯಿಯಂತೆ ರಾಶಿ ಬಿದ್ದಿರುತ್ತದಂತೆ. ತರುವ ಮುಂಚೆ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಡಿಡಿಆರ್3 ಮತ್ತು ಡಿಡಿಆರ್3ಎಲ್ ಎಂದು ಎರಡು ಬಗೆ, ಒಂದು 1.5 ವೋಲ್ಟಿನದು, ಇನ್ನೊಂದು 1.35ರದು. ನನ್ನ ಯಂತ್ರದಲ್ಲಿ ಎರಡೂ ನಡೆಯುತ್ತವೆ. ನಾಲ್ಕನೇ ತಲೆಮಾರಿನಿಂದಾಚೆಯ, ಇದೇ ಡಿಡಿಆರ್3 ಬಳಸುವ ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ ಎಲ್ ಇರುವುದೇ ಬೇಕು. ಯಾರೂ ಈಗ ಸಿ.ಡಿ. ಹಾಕುವುದಿಲ್ಲವಲ್ಲ, ಆ ಡಿವಿಡಿ ಡ್ರೈವನ್ನೂ ಕಿತ್ತು, ಅದರ ಗೂಡಿಗೆ ‘ಕ್ಯಾಡಿ’ ಎಂಬ ತಗಡಿನ ಚೌಕಟ್ಟು ಕೂರಿಸಿ, ಅದರಲ್ಲಿ ಇನ್ನೊಂದು ಹಾರ್ಡ್ ಡಿಸ್ಕು ಸಿಕ್ಕಿಸಿದ. ಓಎಸ್ ಎಸ್‌ಎಸ್‌ಡಿಯಲ್ಲಿ, ಫೋಟೊಗಳ ರಾಶಿ ಹಾರ್ಡ್ ಡಿಸ್ಕಿನಲ್ಲಿ. ಹಳೇ ಡಿಸ್ಕು ಸೆಕೆಂಡಿಗೆ ಹೆಚ್ಚೆಂದರೆ 100 ಎಂಬಿಯಷ್ಟು ಕೊಡುತ್ತಿತ್ತು, ಎಸ್‌ಎಸ್‌ಡಿ 500ರ ಹತ್ತಿರ. ಮೊದಲ ಸಲ ಬಟನ್ ಒತ್ತಿದಾಗ, ಕಾಫಿಗೆ ಎದ್ದವನು ಅರ್ಧಕ್ಕೇ ವಾಪಸು ಕೂತೆ.

ಈಗ ಓಎಸ್. ಕೇಳಿದರೆ ಹತ್ತರಲ್ಲಿ ಎಂಟು ಜನ ಹೇಳುವುದು, ‘ಹಳೇದಾ? ಯಾವುದಾದರೂ ಲೈಟ್ ಆದ ಲಿನಕ್ಸ್ ಹಾಕಿಬಿಡಿ.’ ಈ ‘ಲೈಟ್’ ಎಂಬ ಮಾತೇ ಛಾಯಾಗ್ರಾಹಕರ ದಾರಿ ತಪ್ಪಿಸುತ್ತದೆ. ಬ್ಯಾಂಕಿನ ಪಾಸ್‌ಬುಕ್ಕು, ಯೂಟ್ಯೂಬಿನ ಹರಿಕಥೆ ನೋಡುವವರಿಗೆ ಅದು ಸರಿ. ನಮ್ಮ ಲೆಕ್ಕ ಬೇರೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದು ಕ್ಲಿಕ್ಕಿಗೆ 2.4 ಕೋಟಿ ಚುಕ್ಕೆ ಹಿಡಿಯುತ್ತದೆ. ಚುಕ್ಕೆಗೆ 14 ಬಿಟ್ ಎಂದರೆ ಹಿಂಡದೆ ಇಟ್ಟಾಗ 42 ಎಂಬಿ. ಡಾರ್ಕ್‌ಟೇಬಲ್‌ನಂಥ ಸಂಸ್ಕರಣಾ ತಂತ್ರಾಂಶ ಅದನ್ನು ಬಿಚ್ಚಿ, ಪ್ರತಿ ಚುಕ್ಕೆಗೂ ನಾಲ್ಕು ಮನೆ, ಮನೆಗೆ ನಾಲ್ಕು ಬೈಟ್ ಕೊಟ್ಟು ಲೆಕ್ಕ ಹಾಕುತ್ತದೆ. ಅಲ್ಲಿಗೆ 384 ಎಂಬಿ. ಒಂದು ಹಂತದಿಂದ ಇನ್ನೊಂದು ಹಂತಕ್ಕೆ ದಾಟಿಸಲು ಅಂಥದ್ದೇ ಇನ್ನೊಂದು ಪ್ರತಿ ಬೇಕು. ಒಂದೇ ಫೋಟೊ ಪೂರ್ತಿ ಅಳತೆಯಲ್ಲಿ ಹೊರಬರುವಾಗ ಮುಕ್ಕಾಲು ಜಿಬಿ ಹೀಗೇ ಕರಗುತ್ತದೆ. (ಜಾಗ ಸಾಲದಿದ್ದರೆ ಚಿತ್ರವನ್ನು ಹೋಳು ಮಾಡಿ ಒಂದೊಂದಾಗಿ ಮುಗಿಸುವ ಉಪಾಯ ಅದಕ್ಕೆ ಗೊತ್ತಿದೆ, ಹೊತ್ತು ಹಿಡಿಯುತ್ತದೆ ಅಷ್ಟೆ.) ಇಂಥ ಕಡೆ ಓಎಸ್ ನಾನೂರು ಐನೂರು ಎಂಬಿ ಉಳಿಸಿತು ಎಂದು ಕುಣಿಯುವುದು, ಮದುವೆ ಊಟದ ಖರ್ಚಿನಲ್ಲಿ ಉಪ್ಪಿನ ಲೆಕ್ಕ ಹಾಕಿದ ಹಾಗೆ. 4 ಜಿಬಿಯ ಯಂತ್ರವನ್ನು 8 ಮಾಡಿ, ಆದರೆ 16. ಅದಾದ ಮೇಲೆ ಓಎಸ್ ಸ್ವಲ್ಪ ಮೈಕೈ ತುಂಬಿಕೊಂಡಿದ್ದರೂ ನಡೆಯುತ್ತದೆ.

ಹಾಗಾದರೆ ಆಯ್ಕೆಗೆ ಆಧಾರ ಯಾವುದು? ನನ್ನ ಮಟ್ಟಿಗೆ ಒಂದೇ ಪ್ರಶ್ನೆ. ನೀವು ಫೋಟೊ ತೊಳೆಯುವ ತಂತ್ರಾಂಶ ಯಾವುದು? ಅದು ಬದಲಾಗುವುದಿಲ್ಲ ಎಂದಾದರೆ ಓಎಸ್ ಕೂಡ ಬದಲಾಗುವ ಹಾಗಿಲ್ಲ.

ಮಂಡ್ಯದಲ್ಲಿ ಸ್ಟುಡಿಯೊ ಇಟ್ಟಿರುವ ಒಬ್ಬರ ಹತ್ತಿರ ನಾನು ಪ್ರಿಂಟ್ ಹಾಕಿಸುತ್ತೇನೆ. ಹೊಸದಾಗಿ ಮತಾಂತರಗೊಂಡವನ ಹುರುಪಿನಲ್ಲಿ ಅವರಿಗೂ ಲಿನಕ್ಸ್ ಉಪದೇಶ ಮಾಡಹೋದೆ. ಅವರು ಏನೂ ಹೇಳದೆ ತಮ್ಮ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದು ತೋರಿಸಿದರು. ಕರಿಜ್ಮಾ ಆಲ್ಬಂ ಪುಟಗಳ ಪಿಎಸ್‌ಡಿ ಮಾದರಿಗಳು. ಗಟ್ಟಿಮೇಳ, ಧಾರೆ, ನಾಗೋಲಿ ಶಾಸ್ತ್ರ, ಆರತಕ್ಷತೆ ಎಂದು ಹತ್ತು ವರ್ಷದಿಂದ ಕೂಡಿಸಿದ್ದು. ಒಂದೊಂದು ಜೋಡಿಪುಟ 12 ಅಂಗುಲಕ್ಕೆ 36 ಅಂಗುಲ. ಲ್ಯಾಬಿನವರು ಕೇಳುವ 300 ಡಿಪಿಐನಲ್ಲಿ 3,600ಕ್ಕೆ 10,800 ಚುಕ್ಕೆ, ಒಟ್ಟು 3.9 ಕೋಟಿ. ಅದರ ಮೇಲೆ ಹೂವಿನದೊಂದು ಪದರ, ಹೊಗೆಯದೊಂದು, ಚಿನ್ನದ ಪುಡಿಯದೊಂದು. ಪುಟ ತುಂಬುವ ಪದರವಾದರೆ ಒಂದಕ್ಕೇ ನೂರೈವತ್ತು ಎಂಬಿ ದಾಟುತ್ತದೆ.

‘ಇದೆಲ್ಲ ಫೋಟೊಶಾಪು ಸಾರ್. ಹೆಸರು ಹೊಡಿಯೋದು ನುಡಿಯಲ್ಲಿ. ನಿಮ್ಮ ಲಿನಕ್ಸಲ್ಲಿ ಆಗ್ತದಾ?’

ಆಗುವುದಿಲ್ಲ. ಫೋಟೊಶಾಪ್, ಲೈಟ್‌ರೂಮ್ ಎರಡಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಲಿನಕ್ಸಿನಲ್ಲಿ ಸಿಗುವ ಗಿಂಪ್ ಎಂಬ ತಂತ್ರಾಂಶ ಪಿಎಸ್‌ಡಿಯನ್ನು ತೆರೆಯುತ್ತದೆ, ಆದರೆ ಮುಗ್ಗರಿಸದೆ ಎಲ್ಲ ಪದರವನ್ನೂ ಇದ್ದಂತೆ ತೋರಿಸುತ್ತದೆ ಎಂದು ಭರವಸೆ ಕೊಡಲಾರೆ. ‘ನುಡಿ’ ತಂತ್ರಾಂಶದ ಹಳೇ ಫಾಂಟುಗಳ ಕಥೆ ಇನ್ನೊಂದು. ಅವು ಯೂನಿಕೋಡಿಗೆ ಮುಂಚಿನವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕಟ್ಟಿದವು. ಹಳೇ ಫೋಟೊಶಾಪಿಗೆ ಯೂನಿಕೋಡಿನ ಒತ್ತಕ್ಷರ ಜೋಡಿಸಲು ಬಾರದಿದ್ದ ಕಾಲದಲ್ಲಿ ಆಲ್ಬಂ ಮಾಡುವವರ ಕೈಹಿಡಿದದ್ದು ಅವೇ. ಫಾಂಟನ್ನೇನೋ ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು, ಆದರೆ ಅದರಲ್ಲಿ ಬೆರಳಚ್ಚಿಸುವ ತಂತ್ರಾಂಶ ವಿಂಡೋಸಿನದು. ಹೊಸದಾಗಿ ಶುರುಮಾಡುವವನಿಗೆ ತೊಂದರೆಯಿಲ್ಲ. ಯೂನಿಕೋಡ್ ಕನ್ನಡ ಗಿಂಪ್‌ನಲ್ಲಿ ಒತ್ತು, ದೀರ್ಘ ಸಮೇತ ಚೆನ್ನಾಗಿಯೇ ಕೂರುತ್ತದೆ, ಕಗಪ ಕೀಲಿಮಣೆ ವಿನ್ಯಾಸವೂ ಲಿನಕ್ಸಿನಲ್ಲಿ ಇದೆ. (ಡೆಬಿಯನ್, ಉಬುಂಟು ಭಂಡಾರದಲ್ಲಿ ಕನ್ನಡಕ್ಕೆಂದು ಇರುವ ಎರಡು ಫಾಂಟುಗಳ ಹೆಸರು ‘ಗುಬ್ಬಿ’ ಮತ್ತು ‘ನವಿಲು’. ಹಕ್ಕಿ ಫೋಟೊ ತೆಗೆಯುವವನಿಗೆ ಇದಕ್ಕಿಂತ ಒಳ್ಳೇ ಶಕುನ ಬೇಕೆ!) ಆದರೆ ಹತ್ತು ವರ್ಷದ ಫೋಲ್ಡರ್ ಇಟ್ಟುಕೊಂಡು, ಮಾಘಮಾಸದ ಮದುವೆ ಸಾಲಿನ ಮಧ್ಯೆ ಉಸಿರಾಡಲೂ ಬಿಡುವಿಲ್ಲದವರಿಗೆ ‘ಬಿಟ್ಟು ಬನ್ನಿ’ ಎನ್ನುವುದು ಉಪದೇಶವಲ್ಲ, ಉಪದ್ರವ.

ಅವರಿಗೆ ನನ್ನ ಸೋದರಳಿಯ ಹೇಳಿದ್ದು ಬೇರೆಯೇ. ಯಂತ್ರ ವಿಂಡೋಸ್ 10ರಲ್ಲೇ ಇರಲಿ. ಮೈಕ್ರೋಸಾಫ್ಟ್ ಖಾತೆ ಇದ್ದವರು ಇನ್ನೂ ಒಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನು ಕಂಪನಿಯೇ ಇಟ್ಟಿದೆ, ಅದಕ್ಕೆ ನೋಂದಾಯಿಸಿ. ಆ ಅವಧಿ ಮುಗಿದ ಮೇಲೆ ನೆಟ್ ಕಿತ್ತುಬಿಡಿ. ವಾಟ್ಸ್‌ಆ್ಯಪು, ಇಮೇಲು, ಲ್ಯಾಬಿಗೆ ಕಳಿಸುವುದು ಎಲ್ಲ ಬೇರೆ ಯಂತ್ರದಲ್ಲಿ. ಇದು ಬರೀ ಕತ್ತಲೆಕೋಣೆ. ಆದರೆ ಒಂದು ಎಚ್ಚರ: ಚಂದಾ ಕಟ್ಟಿ ಬಳಸುವ ತಂತ್ರಾಂಶ ಆಗಾಗ ನೆಟ್ಟಿಗೆ ಹೋಗಿ ತನ್ನ ಪರವಾನಗಿ ಖಾತ್ರಿಪಡಿಸಿಕೊಳ್ಳುತ್ತದೆ, ಅಂಥದ್ದನ್ನು ಪೂರ್ತಿ ಬೇಲಿಯೊಳಗೆ ಕಟ್ಟಿಹಾಕಲು ಆಗುವುದಿಲ್ಲ. ಗಿರಾಕಿಗಳು ತರುವ ಪೆನ್ ಡ್ರೈವನ್ನು ಅದಕ್ಕೆ ನೇರ ಚುಚ್ಚಲೂಬಾರದು. ಸ್ಟುಡಿಯೊಗೆ ವೈರಸ್ ಬರುವುದು ಹೆಚ್ಚಾಗಿ ಮದುಮಗನ ತಮ್ಮ ತಂದ ಪೆನ್ ಡ್ರೈವಿನಿಂದಲೇ.

ತಂತ್ರದಿಂದ ಹಳೇ ಯಂತ್ರಕ್ಕೂ ವಿಂಡೋಸ್ 11 ಹಾಕಬಹುದು. ತಪಾಸಣೆಯನ್ನು ದಾಟಿಸಿಬಿಡುವ ಪೆನ್ ಡ್ರೈವ್ ಮಾಡಿಕೊಡುವ ಅಂಗಡಿಗಳು ಊರೂರಲ್ಲಿವೆ. ನಡೆಯುತ್ತದೆ, ನೋಡಿದ್ದೇನೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಹೇಳಿಯೇ ಇದೆ. ಅನ್ನ ಕೊಡುವ ಯಂತ್ರಕ್ಕೆ ನಾನಾದರೆ ಹಾಕಿಸುವುದಿಲ್ಲ. ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಮಕ್ಕಳ ಪಾಠಕ್ಕೆ, ಬ್ರೌಸರ್ ಸಾಕೆನ್ನುವವರಿಗೆ ಒಪ್ಪುತ್ತದೆ, ನಮಗಲ್ಲ. ಹಳೇ ಮ್ಯಾಕ್‌ಬುಕ್ ಇದ್ದವರು ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬುದರಿಂದ ಕಂಪನಿ ಕೈಬಿಟ್ಟ ಮೇಲೂ ಹೊಸ ಮ್ಯಾಕ್‌ಓಎಸ್ ಓಡಿಸುತ್ತಾರೆ. ಅದಕ್ಕೆ ಬೇಕಾದ ತಾಳ್ಮೆ ನನಗಿಲ್ಲ.

ನನ್ನ ಪರಿಸ್ಥಿತಿ ಸ್ಟುಡಿಯೊದವರದಲ್ಲ. ನನ್ನದು ಹಕ್ಕಿ, ಹೊಳೆ, ವರ್ಷಕ್ಕೆರಡು ಸ್ಪರ್ಧೆ. ಕಾಸು ಕೊಟ್ಟು ಕೊಂಡಿದ್ದ ಲೈಟ್‌ರೂಮ್ 6 ಒಂದೇ ನನ್ನನ್ನು ವಿಂಡೋಸಿಗೆ ಕಟ್ಟಿಹಾಕಿತ್ತು. 2015ರಲ್ಲಿ ಬಂದ ಆ ಆವೃತ್ತಿಯೇ ಒಂದು ಸಲ ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದಾಗಿದ್ದ ಕೊನೆಯದು. 2017ರ ಕೊನೆಗೆ ಅದಕ್ಕೆ ಹೊಸ ಕ್ಯಾಮೆರಾಗಳ ಪರಿಚಯ ಮಾಡಿಸುವುದನ್ನೂ ನಿಲ್ಲಿಸಿದರು. ಹೊಸ ಕ್ಯಾಮೆರಾದ ರಾ ಫೈಲನ್ನು ಅಡೋಬಿಯದೇ ಉಚಿತ ಪರಿವರ್ತಕದಿಂದ ಡಿಎನ್‌ಜಿ ಮಾಡಿ ಉಣಿಸುತ್ತ ಕಾಲ ತಳ್ಳುತ್ತಿದ್ದೆ. ಕ್ಯಾಟಲಾಗೂ ಹೋದ ಮೇಲೆ ಹಗ್ಗ ತಾನಾಗಿಯೇ ಬಿಚ್ಚಿಕೊಂಡಿತ್ತು.

ಲಿನಕ್ಸ್ ಮಿಂಟ್ ಆರಿಸಿದ್ದಕ್ಕೆ ಕಾರಣ ಹಗುರ ಎಂಬುದಲ್ಲ. ವಿಂಡೋಸ್ ಬಳಸಿದ ಕೈಗೆ ಅದರ ಮೆನು, ಕೆಳಗಿನ ಪಟ್ಟಿ ಹೊಸದೆನ್ನಿಸುವುದಿಲ್ಲ. 2006ರಿಂದ ನಡೆದುಕೊಂಡು ಬಂದದ್ದು, ಅದರ 22ರ ಸರಣಿ 2029ರವರೆಗೆ ಅಪ್‌ಡೇಟ್ ಪಡೆಯುತ್ತದೆ. ಇನ್ನೊಂದು ಕಾರಣ ಛಾಯಾಗ್ರಾಹಕರಿಗಷ್ಟೇ ಸಂಬಂಧಿಸಿದ್ದು. ಪರದೆಯ ಬಣ್ಣ ತಿದ್ದುವ ಐಸಿಸಿ ಪ್ರೊಫೈಲನ್ನು ಲಿನಕ್ಸಿನ ಹಳೇ ಚಿತ್ರಪದ್ಧತಿಯಾದ ಎಕ್ಸ್11 ಬಹುಕಾಲದಿಂದ ಸರಿಯಾಗಿ ನಿಭಾಯಿಸುತ್ತಿದೆ. ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಈ ವಿಷಯದಲ್ಲಿ ಈಗೀಗ ಕಲಿಯುತ್ತಿದೆ. ಮಿಂಟಿನ ಸಿನಮನ್ ಡೆಸ್ಕ್‌ಟಾಪ್ ತಾನಾಗಿ ಎಕ್ಸ್11ರಲ್ಲೇ ಶುರುವಾಗುತ್ತದೆ. ಹಳೇ ಯಂತ್ರಕ್ಕೆ ಹಳೇ ಪದ್ಧತಿಯೇ ಲೇಸಾಯಿತು.

ಆದರೆ ಯಾವ ಪ್ರೊಫೈಲೂ ನನ್ನ ಪರದೆಯನ್ನು ಉದ್ಧಾರ ಮಾಡುವಂತಿರಲಿಲ್ಲ. ಆ ಕಾಲದ ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಟಿಎನ್ ಎಂಬ ಬಗೆಯ ಪರದೆ ಇರುತ್ತಿತ್ತು. ಬಣ್ಣಕ್ಕೆ 6 ಬಿಟ್, ಎಂದರೆ ಕೆಂಪು ಹಸಿರು ನೀಲಿಗೆ ತಲಾ 64 ಮೆಟ್ಟಿಲು, ಒಟ್ಟು 2,62,144 ಬಣ್ಣ. ಮಿಕ್ಕದ್ದೆಲ್ಲ ಅಕ್ಕಪಕ್ಕದ ಚುಕ್ಕೆ ಮಿನುಗಿಸಿ ಮಾಡುವ ಕಣ್ಕಟ್ಟು. ತಲೆ ಎರಡಿಂಚು ಎತ್ತಿದರೆ ಕಬಿನಿಯ ಮುಸ್ಸಂಜೆ ಮಟಮಟ ಮಧ್ಯಾಹ್ನವಾಗುತ್ತದೆ, ಕುರ್ಚಿಯಲ್ಲಿ ಜಾರಿ ಕೂತರೆ ಆನೆಗಳು ಕಪ್ಪು ಬಂಡೆ. ಬಣ್ಣದ ಕೊಕ್ಕರೆಯ ಬಾಲದ ಹತ್ತಿರ ಇರುವ ಆ ಗುಲಾಬಿ ಇದೆಯಲ್ಲ, ಅದು ಈ ಪರದೆಯಲ್ಲಿ ಒಮ್ಮೆ ಬೆಂಡು ಮಿಠಾಯಿಯ ಬಣ್ಣ, ಒಮ್ಮೆ ತೊಳೆದ ಲಂಗದ ಬಣ್ಣ. ವರ್ಷಗಟ್ಟಲೆ ಕುತ್ತಿಗೆಯನ್ನು ಒಂದೇ ಕೋನದಲ್ಲಿ ಹಿಡಿದು ಕೂತು ಕೆಲಸ ಮಾಡಿದ್ದೇನೆ. ಓಎಸ್ ಬದಲಿಸಿದ ಮೇಲೆ ಬಣ್ಣ ಕೆಟ್ಟಿತು ಎಂದು ದೂರುವವರು ಸಾಮಾನ್ಯವಾಗಿ ಕುರ್ಚಿಯ ಎತ್ತರ ಬದಲಿಸಿರುತ್ತಾರೆ ಎಂಬುದು ನನ್ನ ಗುಮಾನಿ. ಕೊನೆಗೆ 24 ಅಂಗುಲದ ಐಪಿಎಸ್ ಮಾನಿಟರ್ ತಂದು ಲ್ಯಾಪ್‌ಟಾಪಿಗೆ ಜೋಡಿಸಿದೆ. ಸ್ನೇಹಿತರ ಬಣ್ಣ ಅಳೆಯುವ ಉಪಕರಣ ಒಂದು ದಿನಕ್ಕೆ ಎರವಲು ತಂದು, ಡಿಸ್‌ಪ್ಲೇಕ್ಯಾಲ್ ಎಂಬ ತಂತ್ರಾಂಶ ಓಡಿಸಿ ಪ್ರೊಫೈಲ್ ಮಾಡಿಕೊಂಡೆ. ನನ್ನ ಇಡೀ ಸಾಹಸದಲ್ಲಿ ಫೋಟೊ ನಿಜಕ್ಕೂ ಸುಧಾರಿಸಿದ್ದು ಇದೊಂದರಿಂದ.

ಕೆಟ್ಟ ಪರದೆಯಿಂದ ಒಂದು ಉಪಕಾರ ಆಗುತ್ತಿತ್ತು, ಅದನ್ನೂ ಹೇಳಬೇಕು. ತಿದ್ದುವಾಗ ಡಾರ್ಕ್‌ಟೇಬಲ್ 2.4 ಕೋಟಿ ಚುಕ್ಕೆಯನ್ನೂ ಲೆಕ್ಕ ಹಾಕುವುದಿಲ್ಲ, ಕಣ್ಣಿಗೆ ಕಾಣುವಷ್ಟನ್ನೇ ಹಾಕುತ್ತದೆ. 1366ಕ್ಕೆ 768ರ ಪರದೆಯಲ್ಲಿ ಇರುವುದೇ ಹತ್ತೂವರೆ ಲಕ್ಷ ಚುಕ್ಕೆ. ಅದಕ್ಕೇ ಮುದಿ ಪ್ರೊಸೆಸರ್ ಕೂಡ ಸರಾಗವಾಗಿ ಓಡುತ್ತಿತ್ತು. ದೊಡ್ಡ ಮಾನಿಟರ್ ಬಂದ ದಿನವೇ ಏದುಸಿರು ಶುರುವಾಯಿತು.

ಡಾರ್ಕ್‌ಟೇಬಲನ್ನು 2009ರಲ್ಲಿ ಶುರುಮಾಡಿದವನು ಯೊಹಾನೆಸ್ ಹನಿಕಾ. ಈಗ ಲೋಕದ ಬೇರೆ ಬೇರೆ ಮೂಲೆಯವರು ಸೇರಿ ಕಟ್ಟುತ್ತಿದ್ದಾರೆ. ವರ್ಷಕ್ಕೆ ಎರಡು ಆವೃತ್ತಿ, ಜೂನ್ ಹೊತ್ತಿಗೊಂದು, ಕ್ರಿಸ್‌ಮಸ್ ಹೊತ್ತಿಗೊಂದು. ಕಾಸಿಲ್ಲ. ಮೊದಲ ದಿನ ಅದರಲ್ಲಿ ನನ್ನ ಮಿಂಚುಳ್ಳಿ ತೆರೆದಾಗ ಅಳು ಬಂತು. ಕ್ಯಾಮೆರಾದ ಹಿಂಬದಿ ಪರದೆಯಲ್ಲಿ ಫಳಫಳ ಹೊಳೆದಿದ್ದ ಹಕ್ಕಿ ಇಲ್ಲಿ ಜ್ವರ ಬಂದು ಮಲಗಿದಂತಿತ್ತು. ಕ್ಯಾಮೆರಾ ತೋರಿಸುವುದು ತಾನೇ ಮಸಾಲೆ ಹಾಕಿದ ಜೆಪೆಗ್. ಡಾರ್ಕ್‌ಟೇಬಲ್ ಮುಂದಿಡುವುದು ಸಪ್ಪೆ ಅನ್ನ. ಲೈಟ್‌ರೂಮಿನಂತೆ ನಾಲ್ಕು ಹಿಡಿಕೆ ಎಳೆದು ಮುಗಿಸುವ ಹಾಗೂ ಇಲ್ಲ. ಮಾಡ್ಯೂಲುಗಳ ಪಟ್ಟಿ ಕಂಡರೆ ಹಳೇ ಕಾಲದ ದಿನಸಿ ಅಂಗಡಿಯ ಡಬ್ಬಿಗಳ ಸಾಲು. ಎಕ್ಸ್‌ಪೋಷರ್, ಸಿಗ್ಮಾಯ್ಡ್, ಬಣ್ಣದ ಮಾಪನ, ಗ್ರೇನು ತೆಗೆಯುವುದು ಇಷ್ಟರಲ್ಲೇ ನನ್ನ ಮುಕ್ಕಾಲು ಕೆಲಸ ಮುಗಿಯುತ್ತದೆ ಎಂದು ಕಂಡುಕೊಳ್ಳಲು ಎರಡು ತಿಂಗಳು ಬೇಕಾಯಿತು. ಅದು ಒಗ್ಗದವರು ರಾಥೆರಪಿ ಎಂಬ ಇನ್ನೊಂದು ತಂತ್ರಾಂಶ ನೋಡಬಹುದು.

ಮುಖ್ಯವಾದದ್ದು ಇನ್ನೊಂದು. ಡಾರ್ಕ್‌ಟೇಬಲ್ ವಿಂಡೋಸಿನಲ್ಲೂ ಮ್ಯಾಕಿನಲ್ಲೂ ನಡೆಯುತ್ತದೆ. ಅಂದರೆ ಓಎಸ್ ಬದಲಿಸುವ ಮುಂಚೆಯೇ, ಇದ್ದ ವಿಂಡೋಸಿನಲ್ಲೇ ಇದನ್ನು ಹಾಕಿಕೊಂಡು ಮೂರು ತಿಂಗಳು ಹೊರಳಾಡಿ ನೋಡಬಹುದಿತ್ತು. ಕೈಗೆ ಹತ್ತಿದರೆ ಮುಂದಿನ ಹೆಜ್ಜೆ, ಹತ್ತದಿದ್ದರೆ ಓಎಸ್ ಬದಲಿಸುವ ಯೋಚನೆಯನ್ನೇ ಬಿಡಬಹುದಿತ್ತು. ನಾನು ಬಾವಿಗೆ ಹಾರಿ ಈಜು ಕಲಿತೆ. ತಿದ್ದಿದ ಪ್ರತಿ ಫೋಟೊದ ಮಗ್ಗುಲಲ್ಲೂ ಅದು ಒಂದು ಎಕ್ಸ್‌ಎಂಪಿ ಚೀಟಿಯನ್ನು ಕೇಳದೆಯೇ ಬರೆದಿಡುತ್ತದೆ. ಸುಟ್ಟ ಕೈಗೆ ಇದರ ಬೆಲೆ ಗೊತ್ತು. ಈಗ ರಾ ಫೈಲು ಎಲ್ಲಿ ಹೋದರೂ ಚೀಟಿ ಬೆನ್ನಿಗೆ ಹೋಗುತ್ತದೆ. ನೀವು ಇನ್ನೂ ಲೈಟ್‌ರೂಮಿನಲ್ಲಿದ್ದು ಹೊರಡುವ ಮನಸ್ಸಿದ್ದರೆ, ಹೊರಡುವ ಮುನ್ನ ಅಲ್ಲೂ ಎಕ್ಸ್‌ಎಂಪಿ ಬರೆಸಿ. ಅದರಲ್ಲಿನ ರೇಟಿಂಗು, ಟ್ಯಾಗು, ಕತ್ತರಿಸಿದ ಚೌಕಟ್ಟಿನಂಥ ಕೆಲವನ್ನು ಡಾರ್ಕ್‌ಟೇಬಲ್ ಓದಿಕೊಳ್ಳುತ್ತದೆ. ಬಣ್ಣದ ನಾಜೂಕು ಬರುವುದಿಲ್ಲ. ಅದಕ್ಕೆ ನೆಚ್ಚಿನ ನೂರಿನ್ನೂರು ಫೋಟೊಗಳನ್ನು ಪೂರ್ತಿ ಅಳತೆಯ ಟಿಫ್ ಮಾಡಿ ತೆಗೆದಿಟ್ಟುಕೊಳ್ಳಿ.

ಹಕ್ಕಿಯವರಿಗೆ ತಿದ್ದುವುದಕ್ಕಿಂತ ದೊಡ್ಡ ಕೆಲಸ ಜಳ್ಳು ಕೇರುವುದು. ರೆಕ್ಕೆ ಬಿಚ್ಚಿದ ಒಂದು ಗಳಿಗೆಗೆ ನಲವತ್ತು ಫ್ರೇಮು, ಅದರಲ್ಲಿ ಕಣ್ಣು ಚುರುಕಾಗಿ ಬಂದದ್ದು ಒಂದೋ ಎರಡೋ. ಐನೂರು ರಾ ಫೈಲನ್ನು ಡಾರ್ಕ್‌ಟೇಬಲ್‌ನಲ್ಲಿ ನೇರವಾಗಿ ತೆರೆದರೆ ಹಳೇ ಯಂತ್ರ ದಮ್ಮಿನ ರೋಗಿ. ರಾ ಫೈಲಿನ ಒಳಗೇ ಕ್ಯಾಮೆರಾ ಒಂದು ಜೆಪೆಗ್ ಅಡಗಿಸಿಟ್ಟಿರುತ್ತದೆ. ಗೀಕಿ ಎಂಬ ಸರಳ ತಂತ್ರಾಂಶ ಆ ಜೆಪೆಗನ್ನೇ ಹೆಕ್ಕಿ ತೋರಿಸುತ್ತದೆ. ಬಾಣದ ಕೀ ಒತ್ತಿದಷ್ಟೂ ಚಿತ್ರ ಓಡುತ್ತದೆ. ಅದರಲ್ಲಿ ಕೇರಿ, ಉಳಿದ ಮೂವತ್ತನ್ನು ಮಾತ್ರ ಒಲೆಗೆ ಏರಿಸುತ್ತೇನೆ. ಗ್ರೇನು ತೆಗೆಯುವ ಮಾಡ್ಯೂಲು ಪ್ರೊಸೆಸರನ್ನು ಹಿಂಡುವುದರಿಂದ ಅದನ್ನು ಹಚ್ಚುವುದು ಕೊನೆಗೆ. ಎಕ್ಸ್‌ಪೋರ್ಟ್ ಒತ್ತಿ ಸಂಜೆಯ ವಾಕಿಂಗಿಗೆ ಹೋಗುತ್ತೇನೆ. ಬರುವ ಹೊತ್ತಿಗೆ ಫ್ಯಾನು ಸುಮ್ಮನಾಗಿರುತ್ತದೆ.

ಎಲ್ಲವೂ ಸುಖವೇ ಎಂದು ಬರೆದರೆ ಸುಳ್ಳಾಗುತ್ತದೆ. ಮಿಂಟಿನ ಭಂಡಾರದಲ್ಲಿರುವ ಡಾರ್ಕ್‌ಟೇಬಲ್ ಹಳೆಯದು. ಹೊಸ ಕ್ಯಾಮೆರಾ ಕೊಂಡವರು ಫ್ಲ್ಯಾಟ್‌ಪ್ಯಾಕ್ ಅಥವಾ ಆ್ಯಪ್‌ಇಮೇಜ್ ರೂಪದ ಹೊಸದನ್ನೇ ಹಾಕಿಕೊಳ್ಳಬೇಕು. ಹೊಸ ಮಾದರಿಗಳ ಕೆಲವು ಬಗೆಯ ಹಿಂಡಿದ ರಾ ಫೈಲುಗಳನ್ನು ಅದು ಓದದೇ ಇರಬಹುದು, ಹಾಗಾಗಿ ಕ್ಯಾಮೆರಾ ಕೊಳ್ಳುವ ಮೊದಲು ಡಾರ್ಕ್‌ಟೇಬಲ್ ಬೆಂಬಲಿಸುವ ಕ್ಯಾಮೆರಾಗಳ ಪಟ್ಟಿ ನೋಡಿ. ಕ್ಯಾನನ್, ನಿಕಾನ್ ಕಂಪನಿಗಳು ಪುಕ್ಕಟೆ ಕೊಡುವ ಸಂಸ್ಕರಣಾ ತಂತ್ರಾಂಶಗಳು ವಿಂಡೋಸ್, ಮ್ಯಾಕಿಗೆ ಮಾತ್ರ. ಒಂದೇ ಯಂತ್ರದಲ್ಲಿ ಎರಡೂ ಓಎಸ್ ಇಟ್ಟುಕೊಂಡವರು ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ನಿಲ್ಲಿಸದೇ ಇದ್ದರೆ, ಲಿನಕ್ಸಿಗೆ ಬಂದಾಗ ಆ ಡಿಸ್ಕು ಓದಲಷ್ಟೇ ಸಿಗುತ್ತದೆ, ಬರೆಯಗೊಡುವುದಿಲ್ಲ. ಡಿಸ್ಕೇ ಕೆಟ್ಟಿತು ಎಂದು ರಿಪೇರಿ ಅಂಗಡಿಗೆ ಓಡಿದವರಿದ್ದಾರೆ. ವೈಫೈ ಚಿಪ್ಪು, ಕಾರ್ಡು ಸಿಕ್ಕಿಸುವ ಕಿಂಡಿ, ಮುಚ್ಚಳ ಮುಚ್ಚಿದಾಗ ನಿದ್ದೆಹೋಗಿ ತೆರೆದಾಗ ಏಳುವುದು, ಇವನ್ನೆಲ್ಲ ಪೆನ್ ಡ್ರೈವಿನಿಂದ ಓಡಿಸುವಾಗಲೇ ನೋಡಿಕೊಳ್ಳಬಹುದು. ಏನೂ ಅಳಿಸದೆ ಒಂದು ವಾರ ಬೇಕಾದರೂ ಹಾಗೇ ಓಡಿಸಿ. ಇದನ್ನು ಹೇಳುವ ನೈತಿಕ ಹಕ್ಕು ನನಗಿದೆಯೋ ಇಲ್ಲವೋ, ಹೇಳಿದ್ದೇನೆ.

32 ಬಿಟ್ಟಿನ ಪ್ರೊಸೆಸರಿನ ಯಂತ್ರವಾದರೆ ಮಾತ್ರ ನಮಸ್ಕಾರ ಹಾಕಿಬಿಡಿ. ಮಿಂಟಿನ ಮುಖ್ಯ ಆವೃತ್ತಿ 2020ರಿಂದ 64 ಬಿಟ್ಟಿಗೆ ಮಾತ್ರ ಬರುತ್ತಿದೆ, ಡಾರ್ಕ್‌ಟೇಬಲ್ಲೂ ಅಷ್ಟೇ.

ಈಗ ನಿಧಾನಕ್ಕೆ ಹಳೇ ಫೋಲ್ಡರುಗಳನ್ನು ತೆರೆದು ಕೂರುತ್ತಿದ್ದೇನೆ. ಹೋದ ತಿಂಗಳು 2019ರದ್ದಕ್ಕೆ ಕೈಹಾಕಿದೆ. ಅದರಲ್ಲಿ ಒಂದು ಬಣ್ಣದ ಕೊಕ್ಕರೆ ಇದೆ, ಕೊಕ್ಕಿನಲ್ಲಿ ಕಡ್ಡಿ ಹಿಡಿದು ಗೂಡಿಗೆ ಇಳಿಯುತ್ತಿರುವುದು. ಅಂದು ಅದನ್ನು ತಿದ್ದಿ ಮಂಡ್ಯದ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ ಚೌಕಟ್ಟು ಕಟ್ಟಿಸಿದ್ದೆ, ನಡುಮನೆಯ ಗೋಡೆಯ ಮೇಲಿದೆ. ಅಂದಿನ ಚೀಟಿ ಕ್ಯಾಟಲಾಗಿನ ಜೊತೆ ಹೋಯಿತಲ್ಲ, ನಾನು ಆ ಹಕ್ಕಿಗೆ ಏನೇನು ಮಾಡಿದ್ದೆ ಎಂಬುದಕ್ಕೆ ಉಳಿದಿರುವ ಸಾಕ್ಷಿ ಆ ಕಾಗದ ಒಂದೇ. ಮೂರು ಸಂಜೆ ಕೂತು ಹೊಸದಾಗಿ ತಿದ್ದಿದೆ. ಹೊಸ ಮಾನಿಟರು, ಅಳೆದ ಬಣ್ಣ, ಗ್ರೇನಿಲ್ಲದ ಆಕಾಶ. ಗುಲಾಬಿ ಈ ಸಲ ಹಕ್ಕಿಯ ಮೇಲಿದ್ದಂತೆಯೇ ಬಂದಿತ್ತು. ಅದನ್ನೂ ಅದೇ ಅಳತೆಗೆ ಪ್ರಿಂಟ್ ಹಾಕಿಸಿ ತಂದು, ಗೋಡೆಯ ಮೇಲಿನದರ ಪಕ್ಕ ಹಿಡಿದು ಹೆಂಡತಿಯನ್ನು ಕರೆದೆ.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಎರಡನ್ನೂ ನೋಡಿದಳು.

‘ಹಳೇದೇ ಇರ್ಲಿ’ ಎಂದು ಒಳಗೆ ಹೋದಳು.